ನೀರಿನ ಶುದ್ಧಿ: ಯೋಜನೆ ಯಾರದು, ಹಣ ಎಲ್ಲಿಯದು?
ಸೋಲೂರು ಸೀಮೆಯಿಂದ ಬೆಳೆಗಾರರಿಗೆ ಒಂದು ಪಾಠ



ಗೊಬ್ಬರ, ಔಷಧಿ, ಧಾರಣೆ, ಸಾಲದ ಕಂತು ಇವುಗಳ ವಿಷಯ ನಮ್ಮ ಪತ್ರಿಕೆಯಲ್ಲಿ ಪ್ರತಿ ಸಂಚಿಕೆಯಲ್ಲೂ ಇದ್ದೇ ಇರುತ್ತದೆ. ಇವೆಲ್ಲಕ್ಕೂ ಮೂಲವಾದ ನೀರಿನ ಮಾತು ಬರುವುದು ಬೇಸಿಗೆಯಲ್ಲಿ ಕೊಳವೆಬಾವಿ ಕೈಕೊಟ್ಟಾಗ ಮಾತ್ರ. ಅದೂ ಎಷ್ಟು ಇಂಚು ನೀರು ಎಂಬ ಲೆಕ್ಕ. ಆ ನೀರು ಎಂಥದು, ಅದನ್ನು ಶುದ್ಧವಾಗಿ ಉಳಿಸಲು ಸರ್ಕಾರವು ಯಾವ ಯೋಜನೆ ಹಾಕಿದೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನಾವು ಕೇಳುವುದೇ ಕಡಿಮೆ. ಈ ಸಂಚಿಕೆಯಲ್ಲಿ ಅದನ್ನೇ ಪಾಠವಾಗಿ ತೆಗೆದುಕೊಳ್ಳೋಣ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ, ಮಾಗಡಿ ಸೀಮೆಯ ಸೋಲೂರೇ ಸಾಕು.

1. ಕುಮುದ್ವತಿ ಮತ್ತು ತಿಪ್ಪಗೊಂಡನಹಳ್ಳಿ

ಕುಮುದ್ವತಿ ಹುಟ್ಟುವುದು ಶಿವಗಂಗೆ ಬೆಟ್ಟದಲ್ಲಿ. ಸೋಲೂರು ಹೋಬಳಿಯ ಹಲವು ಹಳ್ಳಿಗಳ ಮಳೆನೀರನ್ನೂ ಕೂಡಿಕೊಂಡು ಅದು ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯ ಹುಟ್ಟು ನಂದಿಬೆಟ್ಟದಲ್ಲಿ. ಈ ಎರಡು ಹೊಳೆಗಳ ಸಂಗಮದಲ್ಲಿ 1933ರಲ್ಲಿ ಚಾಮರಾಜಸಾಗರ ಎಂಬ ಜಲಾಶಯ ಸಿದ್ಧವಾಯಿತು. ಅದರ ಜಲಾನಯನ ಪ್ರದೇಶ ಸುಮಾರು 1,447 ಚದರ ಕಿಲೋಮೀಟರು. 1974ರಲ್ಲಿ ಕಾವೇರಿಯ ನೀರು ಬೆಂಗಳೂರಿಗೆ ಬರುವ ತನಕ ಆ ನಗರ ಮುಖ್ಯವಾಗಿ ನಂಬಿಕೊಂಡಿದ್ದುದು ಈ ಜಲಾಶಯವನ್ನು ಮತ್ತು ಅದಕ್ಕೂ ಹಿಂದಿನ ಹೆಸರಘಟ್ಟದ ಕೆರೆಯನ್ನು. ಅಂದರೆ ಸೋಲೂರು ಸುತ್ತಿನ ರೈತನ ಹೊಲದ ಮೇಲೆ ಬಿದ್ದ ಮಳೆ ಒಂದು ಕಾಲಕ್ಕೆ ಬೆಂಗಳೂರಿನ ನಲ್ಲಿಯಲ್ಲಿ ಬರುತ್ತಿತ್ತು.

ಆಮೇಲೆ ಹೊಳೆ ಸೊರಗಿತು. ವಿದ್ವಾಂಸರು ಅರ್ಕಾವತಿ ಕಣಿವೆಯನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಳೆ ಕಡಿಮೆಯಾದುದರಿಂದಲೇ ಹೊಳೆ ಬತ್ತಿತೆಂದು ಹೇಳಲು ಆಧಾರವಿಲ್ಲವೆಂದು ತಿಳಿಸಿದರು. ಅವರು ಬೊಟ್ಟು ಮಾಡಿದ್ದು ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು, ನೀಲಗಿರಿ ತೋಪುಗಳು ಹಬ್ಬಿದ್ದು ಮತ್ತು ಹಳ್ಳಕೊಳ್ಳಗಳು ಅಲ್ಲಲ್ಲಿ ತುಂಡಾದದ್ದರ ಕಡೆಗೆ. ಬರುವ ನೀರು ಕಡಿಮೆಯಾದಾಗ ಅದರೊಳಗಿನ ಹೊಲಸಿನ ಪ್ರಮಾಣ ಏರುತ್ತದೆ. ಒಂದು ಬಿಂದಿಗೆ ನೀರಿಗೆ ಬಿದ್ದ ಚಿಟಿಕೆ ಉಪ್ಪು ತಿಳಿಯದು, ಒಂದು ಲೋಟಕ್ಕೆ ಬಿದ್ದರೆ ಬಾಯಿಗೆ ಇಡಲಾಗದು. ನೀರಿನ ಪ್ರಮಾಣ ಬೇರೆ, ಶುದ್ಧಿ ಬೇರೆ ಎಂದು ಇಲಾಖೆಗಳು ಹಂಚಿಕೊಂಡಿರಬಹುದು, ಹೊಳೆಗೆ ಆ ಭೇದವಿಲ್ಲ. 2012ರ ಹೊತ್ತಿಗೆ ಬೆಂಗಳೂರು ಈ ಜಲಾಶಯದಿಂದ ನೀರೆತ್ತುವುದನ್ನು ನಿಲ್ಲಿಸಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಕರ್ನಾಟಕದಲ್ಲಿ ಗುರುತಿಸಿದ 17 ಕಲುಷಿತ ನದಿ ಭಾಗಗಳಲ್ಲಿ ಅರ್ಕಾವತಿಯೂ ಸೇರಿತು.

2. ಹುಟ್ಟಿನಲ್ಲಿ ಉಳಿಸದ ಹಣ

ಹತ್ತಿರದ ನೀರು ಕೈಬಿಟ್ಟಾಗ ದೂರದ ನೀರಿಗೆ ಕೈಚಾಚಬೇಕಾಯಿತು. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿ ಬರಬೇಕು. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತ ಒಂದೇ ದಿನಕ್ಕೆ 77.5 ಕೋಟಿ ಲೀಟರು ತರಬಲ್ಲದು, ಅದಕ್ಕೆ ಜಪಾನಿನಿಂದ ಸಾಲ ತರಬೇಕಾಯಿತು.

ಕಾಫಿ ಬೆಳೆಗಾರ ಸದಸ್ಯರು ಗಮನಿಸತಕ್ಕ ಅಂಶ ಇನ್ನೊಂದಿದೆ. ಸಕಲೇಶಪುರ ಸೀಮೆಯ ಎತ್ತಿನಹೊಳೆ ಮತ್ತು ಸುತ್ತಲಿನ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ತಿರುಗಿಸುವ ಯೋಜನೆಯ ಅಂದಾಜು 2014ರಲ್ಲಿ 12,912 ಕೋಟಿ ರೂಪಾಯಿ ಇದ್ದುದು ನಂತರ 23,251 ಕೋಟಿಗೆ ಏರಿತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ಈ ನೀರಿನ ಒಂದು ಪಾಲನ್ನು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ತುಂಬಿಸುವ ವಿಚಾರವೂ ಯೋಜನೆಯಲ್ಲಿ ಸೇರಿದೆ. ಸೋಲೂರಿನ ಹಳ್ಳ ತುಂಬಿಸಬೇಕಾಗಿದ್ದ ಜಲಾಶಯಕ್ಕೆ ಸಕಲೇಶಪುರದ ಹಳ್ಳ ಹೋಗಬೇಕಾಗಿದೆ. ಬಯಲುಸೀಮೆಯ ನಷ್ಟಕ್ಕೂ ಮಲೆನಾಡಿನ ತೋಟಗಾರನಿಗೂ ಸಂಬಂಧವಿಲ್ಲವೆಂದು ಯಾರೂ ತಿಳಿಯಬಾರದು.

3. ಕಾನೂನು ಬಂತು, ಕಾಸು ಬರಲಿಲ್ಲ

ಸರ್ಕಾರವು ಕೈಕಟ್ಟಿ ಕುಳಿತಿರಲಿಲ್ಲ. ಜಲಮಾಲಿನ್ಯ ತಡೆ ಕಾಯ್ದೆ 1974ರಲ್ಲಿ ಬಂತು, ಅದೇ ವರ್ಷ ನಮ್ಮ ರಾಜ್ಯದ ಮಂಡಳಿಯೂ ಸ್ಥಾಪನೆಯಾಯಿತು. 1977ರಲ್ಲಿ ನೀರಿನ ಕರದ ಕಾಯ್ದೆ ಬಂತು. ಕೈಗಾರಿಕೆಗಳೂ ಸ್ಥಳೀಯ ಸಂಸ್ಥೆಗಳೂ ತಾವು ಬಳಸಿದ ನೀರಿಗೆ ಕರ ಕೊಡಬೇಕು, ಶುದ್ಧೀಕರಣ ಘಟಕ ಹಾಕಿದವರಿಗೆ ಅದರಲ್ಲಿ ರಿಯಾಯಿತಿ. ವಸೂಲಾದ ಹಣ ಕೇಂದ್ರಕ್ಕೆ ಹೋಗಿ ಅದರ ದೊಡ್ಡ ಪಾಲು ರಾಜ್ಯ ಮಂಡಳಿಗಳಿಗೆ ಹಿಂತಿರುಗುತ್ತಿತ್ತು. ದರ ಅಲ್ಪವಾಗಿದ್ದರೂ ನೀರಿನ ಹೆಸರಿನಲ್ಲಿ ಬಂದ ಹಣ ನೀರಿಗೇ ಮೀಸಲು ಎಂಬ ತತ್ವ ಅದರಲ್ಲಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಕರ ರದ್ದಾಯಿತು.

ಕುಮುದ್ವತಿಯ ಮಟ್ಟಿಗೆ ಮುಖ್ಯವಾದದ್ದು 2003ರ ನವೆಂಬರ್ 18ರ ಸರ್ಕಾರಿ ಆದೇಶ. ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಜಲಾಶಯದ ಹಾಗೂ ಎರಡೂ ಹೊಳೆಗಳ ಆಸುಪಾಸಿನಲ್ಲಿ ಕಟ್ಟಡ, ಕೈಗಾರಿಕೆಗಳ ಮೇಲೆ ನಿರ್ಬಂಧ ಹೇರಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಆದೇಶದ ಭಾರವೆಲ್ಲ ಬೇಡ ಎಂಬುದರ ಮೇಲಿತ್ತು. ಕೆರೆಯ ಕೋಡಿ ದುರಸ್ತಿಗೆ, ಹಳ್ಳದ ಅಂಚಿನ ಮರಗಳಿಗೆ, ಹಳ್ಳಿಯ ಚರಂಡಿ ನೀರನ್ನು ಶುದ್ಧ ಮಾಡುವುದಕ್ಕೆ ವರ್ಷವರ್ಷವೂ ಬರುವಂಥ ಹಣದ ಏರ್ಪಾಟು ಅದರ ಜೊತೆಗೆ ಬೆಳೆಯಲಿಲ್ಲ. ಮೇಲಿನವನು ತನ್ನ ಜಮೀನಿನ ಬೆಲೆ ಬಿಡಬೇಕು, ನೀರು ಕೆಳಗಿನವನಿಗೆ. ಹೀಗಿರುವಾಗ ಸ್ಥಳೀಯರೇ ಆದೇಶವನ್ನು ಹೊರೆಯೆಂದು ಬಗೆದರೆ ಆಶ್ಚರ್ಯವೇನು? 2019ರಲ್ಲಿ ಈ ವಲಯಗಳನ್ನು ಕಿರಿದು ಮಾಡಲು ಸರ್ಕಾರ ಮುಂದಾದಾಗ ಪರಿಸರಾಸಕ್ತರು ವಿರೋಧಿಸಿದರು. ನನ್ನ ಅಭಿಪ್ರಾಯದಲ್ಲಿ ಮೀಟರುಗಳ ಜಗಳಕ್ಕಿಂತ ದೊಡ್ಡ ಪ್ರಶ್ನೆ, ಕಾಯುವವನಿಗೆ ಕೂಲಿ ಯಾರು ಕೊಡುತ್ತಾರೆ ಎಂಬುದು.

4. ಹೊರಗಿನ ಒಂದು ನಿದರ್ಶನ

ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ನೀರು ಹೆಚ್ಚಾಗಿ ಬರುವುದು ಕ್ಯಾಟ್ಸ್‌ಕಿಲ್ ಬೆಟ್ಟ ಮತ್ತು ಡೆಲವೇರ್ ಕಣಿವೆಯ ಹಳ್ಳಿಗಳ ಕಡೆಯಿಂದ. 1990ರ ಸುಮಾರಿಗೆ ನಗರವು ಅಲ್ಲಿನ ರೈತರ ಮೇಲೆ ಕಟ್ಟುನಿಟ್ಟಿನ ನಿಯಮ ಹೇರಲು ಹೊರಟಾಗ ಅವರು ತಿರುಗಿಬಿದ್ದರು. ನಗರಕ್ಕೆ ಉಳಿದ ದಾರಿ ಸುಮಾರು 600ರಿಂದ 800 ಕೋಟಿ ಡಾಲರು ವೆಚ್ಚದ ಶೋಧಕ ಸ್ಥಾವರ ಕಟ್ಟುವುದು. ಕಡೆಗೆ ಮಾತುಕತೆ ನಡೆದು 1997ರಲ್ಲಿ ಒಪ್ಪಂದವಾಯಿತು. ಸ್ಥಾವರದ ಖರ್ಚಿನ ಒಂದು ಭಾಗವನ್ನು ಮಾತ್ರ ನಗರವು ಜಲಾನಯನಕ್ಕೆ ಖರ್ಚು ಮಾಡಿತು: ರೈತರ ಗೊಬ್ಬರದ ಗುಂಡಿ, ಹಳ್ಳದ ಬೇಲಿ, ಹಳ್ಳಿಗಳ ಮಲಿನ ನೀರಿನ ಶುದ್ಧೀಕರಣ. ಯಾವ ಜಮೀನಿಗೆ ಏನು ಬೇಕೆಂಬ ಯೋಜನೆಯಲ್ಲಿ ರೈತನೂ ಕುಳಿತ. ಅವರ ಸ್ಥಿತಿ ಬೇರೆ, ನಮ್ಮದು ಬೇರೆ ಎಂಬುದು ನಿಜ. ಆದರೆ ಹುಟ್ಟಿನಲ್ಲಿ ಕಾಯುವುದು ಅಗ್ಗ, ಕಾಯುವವನಿಗೆ ಕೊಟ್ಟರೆ ಅದು ನಿಲ್ಲುತ್ತದೆ ಎಂಬ ಲೆಕ್ಕ ಎಲ್ಲ ಕಡೆಯೂ ಒಂದೇ.

5. ನಮ್ಮ ಕೈಗೆ ಎಟುಕುವ ಹಣ

ದೊಡ್ಡ ನಿಧಿ ಬರುವವರೆಗೆ ಕಾಯಬೇಕಾಗಿಲ್ಲ. ಪಂಚಾಯಿತಿಯ ಮಟ್ಟದಲ್ಲಿ ಹಣ ಬಂದುಹೋಗುವ ದಾರಿಗಳನ್ನು ಸದಸ್ಯರು ಅರಿತಿರಬೇಕು.

(ಅ) ಹಣಕಾಸು ಆಯೋಗದ ಅನುದಾನ: 15ನೆಯ ಆಯೋಗವು 2021-22ರಿಂದ 2025-26ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಭಾಗ ಮೀಸಲಾಗಿತ್ತು. ಅದರಲ್ಲಿ 30 ನೈರ್ಮಲ್ಯಕ್ಕೆ, 30 ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ನಿಮ್ಮ ಪಂಚಾಯಿತಿಯಲ್ಲಿ ಅದು ಯಾವ ಕಾಮಗಾರಿಗೆ ಹೋಯಿತೆಂದು ಲೆಕ್ಕಪತ್ರ ಕೇಳಿ ನೋಡುವುದು ನಿಮ್ಮ ಹಕ್ಕು.

(ಆ) ಜಲಜೀವನ ಮಿಷನ್: 2019ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಊರಿನೊಳಗಿನ ಕಾಮಗಾರಿಗೆ ಗ್ರಾಮಸ್ಥರ ವಂತಿಗೆ ಸಾಮಾನ್ಯವಾಗಿ ನೂರಕ್ಕೆ 10. ವಂತಿಗೆ ಇರುವಲ್ಲಿ ಮಾತೂ ಇರಬೇಕು. ನಲ್ಲಿ ಹಾಕಿದರಷ್ಟೇ ಸಾಲದು, ನೀರಿನ ಮೂಲ ಉಳಿಯಬೇಕು, ಪರೀಕ್ಷೆ ನಡೆಯಬೇಕು.

(ಇ) ಜಿಲ್ಲಾ ಖನಿಜ ಪ್ರತಿಷ್ಠಾನ: 2015ರ ತಿದ್ದುಪಡಿಯಿಂದ ಬಂದ ನಿಧಿ. ಕಲ್ಲುಗಣಿಗಳಿರುವ ಸೀಮೆಗೆ ಇದು ಮುಖ್ಯ. ಕುಡಿಯುವ ನೀರು ಮತ್ತು ಮಾಲಿನ್ಯ ನಿಯಂತ್ರಣ ಇದರ ಆದ್ಯತೆಯ ಬಾಬುಗಳಲ್ಲಿವೆ.

ಈ ಎಲ್ಲವೂ ಬೇರೆ ಬೇರೆ ಕಡತಗಳಲ್ಲಿವೆ. ಇವನ್ನು ಒಂದು ಹಳ್ಳಕ್ಕೆ, ಒಂದು ಕೆರೆಗೆ ಕೂಡಿಸುವ ಜಾಗವೆಂದರೆ ವಾರ್ಷಿಕ ಯೋಜನೆ ತಯಾರಾಗುವ ವಾರ್ಡ್ ಸಭೆ ಮತ್ತು ಗ್ರಾಮಸಭೆ. ಅಲ್ಲಿ ಬರೆಸದ ಕೆಲಸ ಯೋಜನೆಗೆ ಸೇರುವುದು ಕಷ್ಟ. ನಾವೋ, ಅಡಿಕೆ ಸುಲಿಯುವ ಕಾಲವೆಂದು ಸಭೆಗೆ ಹೋಗುವುದಿಲ್ಲ. ಆಮೇಲೆ ಚರಂಡಿಗೆ ಸಿಮೆಂಟು ಹಾಕಿ ಹಣ ಮುಗಿಸಿದರೆಂದು ದೂರುತ್ತೇವೆ.

6. ನಮ್ಮ ಮನೆಯ ಅಂಗಳ

ಇನ್ನೊಬ್ಬರನ್ನು ಕೇಳುವ ಮೊದಲು ನಮ್ಮ ತೋಟದ ನೀರು ಎಲ್ಲಿಗೆ ಹೋಗುತ್ತದೆಂದು ನೋಡಬೇಕು. ಕಾಫಿ ಹಣ್ಣು ಪಲ್ಪ್ ಮಾಡಿದ ನೀರಿನಲ್ಲಿ ಸಿಹಿಯೂ ಲೋಳೆಯೂ ಇರುವುದರಿಂದ ಅದು ಹಳ್ಳ ಸೇರಿದರೆ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತದೆ, ಮೀನು ಸಾಯುತ್ತವೆ. ಅಡಿಕೆ ಬೇಯಿಸಿದ ಚೊಗರನ್ನೂ ಹಳ್ಳಕ್ಕೆ ಬಿಡತಕ್ಕದ್ದಲ್ಲ. ಬೋರ್ಡೋ ದ್ರಾವಣದ ಪೀಪಾಯಿ, ಕಳೆನಾಶಕದ ಡಬ್ಬ ಇವನ್ನು ತೊರೆಯಲ್ಲಿ ತೊಳೆಯಬಾರದು. ತೆರೆದ ಬಾವಿಯ ಸುತ್ತ ಕಟ್ಟೆ, ಗೊಬ್ಬರದ ಗುಂಡಿ ಬಾವಿಯಿಂದ ದೂರ, ಹಳ್ಳದ ಎರಡೂ ಮಗ್ಗುಲು ಮರಗಳ ಸಾಲು: ಇವಕ್ಕೆ ದೊಡ್ಡ ಹಣವೇನೂ ಬೇಡ.

ಮುಂದಿನ ಗ್ರಾಮಸಭೆಗೆ ಹೋಗುವ ಪ್ರತಿಯೊಬ್ಬ ಸದಸ್ಯರೂ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಬೇಕೆಂದು ವಿನಂತಿ. ಒಂದು, ನಮ್ಮ ಕುಡಿಯುವ ನೀರನ್ನು ಕಡೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಫಲಿತಾಂಶ ಎಲ್ಲಿದೆ? ಎರಡು, ನೀರಿಗೆ ಮೀಸಲಾದ ಹಣದಲ್ಲಿ ಪೈಪಿಗೆ ಎಷ್ಟು, ಮೂಲದ ರಕ್ಷಣೆಗೆ ಎಷ್ಟು? ಮೂರು, ನಮ್ಮ ಊರಿನ ಹಳ್ಳಕ್ಕೂ ಕೆರೆಗೂ ಮುಂದಿನ ವರ್ಷದ ಯೋಜನೆಯಲ್ಲಿ ಯಾವ ಕೆಲಸ ಬರೆದಿದೆ?

ಊರು ಕೊಳ್ಳೆ ಹೋದ ಮೇಲೆ ಕೋಟೆಬಾಗಿಲು ಹಾಕಿದರೆಂಬ ಗಾದೆ ನಮಗೆಲ್ಲ ಗೊತ್ತು. ಕುಮುದ್ವತಿಯ ವಿಷಯದಲ್ಲಿ ಬಾಗಿಲಿಗೆ ತಡವಾಗಿಯೇ ಕೈಹಾಕಲಾಯಿತು. ಮಲೆನಾಡಿನ ಹಳ್ಳಗಳಲ್ಲಿ ಇನ್ನೂ ನೀರಿದೆ, ಸೋಲೂರು ಸುತ್ತಿನ ಕೆರೆಗಳಿಗೂ ಒಳ್ಳೆಯ ಮಳೆಗಾಲದಲ್ಲಿ ನೀರು ಬರುತ್ತದೆ. ಅದನ್ನು ಉಳಿಸುವ ಯೋಜನೆಗೆ ಮೊದಲ ಅರ್ಜಿ ನಮ್ಮಿಂದಲೇ ಹೋಗಲಿ. ಅರ್ಜಿ ಬರೆಯಲು ನೆರವು ಬೇಕಾದ ಸದಸ್ಯರು ಕಚೇರಿಯ ವೇಳೆಯಲ್ಲಿ ಸಂಘಕ್ಕೆ ಬರಬಹುದು.

— ಕಾರ್ಯದರ್ಶಿ