ಇದ್ದಿಲಿನ ಚಿತ್ರದ ಖರೀದಿ: ಮೂಲವೋ, ಮುದ್ರಣವೋ?

ಫ್ರಾನ್ಸಿನ ಸಂಕೇತವಾದಿ ಕಲಾವಿದ ಒಡಿಲೋನ್ ರೆಡೋನ್ (1840-1916) ಅವರು ತಮ್ಮ ಇದ್ದಿಲಿನ ರೇಖಾಚಿತ್ರಗಳನ್ನು ‘ಕಪ್ಪುಗಳು’ ಎಂದು ಕರೆಯುತ್ತಿದ್ದರು. ಅವುಗಳನ್ನು ಹೆಚ್ಚು ಜನರಿಗೆ ತಲುಪಿಸುವ ಉದ್ದೇಶದಿಂದ ಕಲ್ಲಚ್ಚನ್ನು ಕಲಿತು, 1879ರಲ್ಲಿ ಮೊದಲ ಸಂಪುಟವನ್ನು 25 ಪ್ರತಿಗಳಲ್ಲಿ ಹೊರತಂದರು.

ಆದುದರಿಂದ ಅವರ ಕಪ್ಪು ಚಿತ್ರವೊಂದು ಮಾರಾಟಕ್ಕೆ ಬಂದಾಗ, ಅದು ಒಂದೇ ಒಂದಾಗಿರುವ ಮೂಲಚಿತ್ರವೋ, ಹಲವು ಪ್ರತಿಗಳಲ್ಲೊಂದಾದ ಮುದ್ರಣವೋ ಎಂಬುದನ್ನು ಮೊದಲು ನಿರ್ಧರಿಸತಕ್ಕದ್ದು. ಬೆಲೆಯ ದೊಡ್ಡ ಅಂತರ ಅಲ್ಲಿಯೇ ಇದೆ.

ಮುದ್ರಣಗಳಿಗೆ ಮೆಲ್ಲೆರಿಯೋ ಅವರ 1913ರ ಸೂಚಿಯೂ, ಮೂಲಚಿತ್ರಗಳಿಗೆ 1992ರಿಂದ ಪ್ರಕಟವಾದ ವಿಲ್ಡನ್‌ಸ್ಟೈನ್ ಸೂಚಿಯೂ ಆಧಾರ. ಸಹಿಯೊಂದನ್ನೇ ನೆಚ್ಚದೆ, ಸೂಚಿಯ ಕ್ರಮಸಂಖ್ಯೆ, ಹಿಂದಿನ ಮಾಲೀಕರ ದಾಖಲೆ, ಕಾಗದದ ಸ್ಥಿತಿಯ ವರದಿ ಇವುಗಳನ್ನು ಲಿಖಿತವಾಗಿ ಪಡೆಯಬೇಕು. ಬಿಲ್ಲಿನಲ್ಲಿ ಕೇವಲ ‘ಚಿತ್ರ’ ಎಂದಿರದೆ ‘ಇದ್ದಿಲಿನ ಮೂಲಚಿತ್ರ’ ಎಂದು ನಮೂದಾಗಿರಲಿ. ವಿವಾದ ಬಂದಾಗ ಕೊಂಡವನನ್ನು ಕಾಯುವುದು ಆ ನಮೂದೇ.