ಮನೆಯ ಸ್ಮಾರ್ಟ್ ಬಲ್ಬುಗಳು: ದೋಷ ಪರೀಕ್ಷೆಯ ಕ್ರಮ

ನಿಸ್ತಂತು ಸಂದೇಶದಿಂದ ಬೆಳಗುವ, ಆರುವ ಎಲ್‌ಇಡಿ ದೀಪಗಳನ್ನು ಸ್ಮಾರ್ಟ್ ಬಲ್ಬುಗಳೆಂದು ಕರೆಯಲಾಗುತ್ತದೆ. ಸಾಮಾನ್ಯ ಬಲ್ಬಿಗೆ ವಿದ್ಯುತ್ತು ದೊರೆತರೆ ಸಾಕು. ಇದಕ್ಕೆ ವಿದ್ಯುತ್ತು ಮತ್ತು ಸಂದೇಶ ಎರಡೂ ಅಗತ್ಯ. ಇವುಗಳಲ್ಲಿ ಯಾವುದು ತಪ್ಪಿದೆಯೆಂಬುದನ್ನು ಮೊದಲು ತಿಳಿಯಬೇಕು. ಹೊಸ ಬಲ್ಬು ಕೊಳ್ಳುವ ವಿಚಾರ ಆಮೇಲಿನದು.

ಹೈದರಾಬಾದಿನ ತಾರ್ನಾಕದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಸಮೀಪದ ಬಹುಮಹಡಿ ಕಟ್ಟಡದ ಮನೆಯೊಂದನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ರಾತ್ರಿ ಯಾರಾದರೂ ಎದ್ದು ನಡೆದರೆ ಹಜಾರದ ದೀಪ ತಾನಾಗಿ ಬೆಳಗುವಂತೆ ಮಗ ಏರ್ಪಡಿಸಿದ್ದಾನೆ. ವೃದ್ಧ ತಾಯಿಯಾದರೋ ಮಲಗುವ ಮುನ್ನ ರೂಢಿಯಂತೆ ಗೋಡೆಯ ಸ್ವಿಚ್ಚನ್ನು ಆರಿಸುತ್ತಾರೆ. ಬಲ್ಬಿಗೆ ವಿದ್ಯುತ್ತೇ ಇಲ್ಲವಾದುದರಿಂದ ಸಂದೇಶವು ಅದನ್ನು ತಲುಪುವುದಿಲ್ಲ. ನಡುರಾತ್ರಿ ತಾಯಿ ಕತ್ತಲಲ್ಲಿ ತಡವರಿಸಬೇಕಾಗುತ್ತದೆ. ಇಲ್ಲಿ ತಿದ್ದಬೇಕಾದುದು ಹಿರಿಯರ ಅಭ್ಯಾಸವನ್ನಲ್ಲ, ಏರ್ಪಾಟನ್ನು. ಇಂತಹ ಸ್ಥಳಕ್ಕೆ ಸಾಮಾನ್ಯ ಬಲ್ಬು ಮತ್ತು ಸ್ಮಾರ್ಟ್ ಸ್ವಿಚ್ಚು ಹೆಚ್ಚು ಸೂಕ್ತ. ಅನೇಕ ಸ್ಮಾರ್ಟ್ ಸ್ವಿಚ್ಚುಗಳಿಗೆ ನ್ಯೂಟ್ರಲ್ ತಂತಿ ಬೇಕು. ಪ್ಲಗ್ ಸಾಕೆಟ್ಟನ್ನೂ ಹೊಂದಿರುವ ಸ್ವಿಚ್ ಬೋರ್ಡಿನಲ್ಲಿ ಅದು ಸಾಮಾನ್ಯವಾಗಿ ಲಭ್ಯವಿರುತ್ತದೆ.

ವಿದ್ಯುತ್ತು ಹೋದಾಗ ದೀಪ ಉರಿಯುತ್ತಿದ್ದರೂ ಫೋನಿನ ಆದೇಶವನ್ನು ಪಾಲಿಸದಿದ್ದರೆ, ರೂಟರನ್ನು ನೋಡಬೇಕು. ದೀಪ ಇನ್ವರ್ಟರ್ ಲೈನಿನಲ್ಲಿದ್ದು ರೂಟರ್ ಅದರ ಹೊರಗಿರುವ ಮನೆಗಳು ಕಡಿಮೆಯಿಲ್ಲ. ಬಲ್ಬು ಪದೇಪದೇ ಮಿನುಗುತ್ತಿದ್ದರೆ ಅದು ಕೆಟ್ಟಿದೆಯೆಂದು ಭಾವಿಸಬಾರದು. ಕೆಲವು ಬಲ್ಬುಗಳ ನೋಂದಣಿಯನ್ನು ಅಳಿಸಲು ಸ್ವಿಚ್ಚನ್ನು ಹಲವು ಬಾರಿ ಬೇಗಬೇಗನೆ ಹಾಕಿ ಆರಿಸುವ ವಿಧಾನವಿದೆ. ಮಳೆಗಾಲದಲ್ಲಿ ವಿದ್ಯುತ್ತು ಬಂದು ಹೋಗುವುದನ್ನೂ ಬಲ್ಬು ಅದೇ ಸೂಚನೆಯೆಂದು ಗ್ರಹಿಸಬಹುದು. ಆಗ ಅದನ್ನು ಹೊಸದಾಗಿ ಜೋಡಿಸಿದರೆ ಸಾಕು.

ವೈಫೈ ಬಲ್ಬುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ನೆರೆಮನೆಗಳ ರೂಟರುಗಳೂ ಬ್ಲೂಟೂತ್ ಸಾಧನಗಳೂ ಬಳಸುವುದು ಇದೇ ಪಟ್ಟಿಯನ್ನು. ಒತ್ತೊತ್ತಾದ ಕಟ್ಟಡಗಳಲ್ಲಿ ಸಂಜೆಯ ಹೊತ್ತು ಬಲ್ಬು ತಡವಾಗಿ ಸ್ಪಂದಿಸಿದರೆ ರೂಟರಿನ ಚಾನೆಲನ್ನು 1, 6 ಅಥವಾ 11ಕ್ಕೆ ಬದಲಿಸಿ ನೋಡಬಹುದು.

ಇನ್ನೊಂದು ಲಕ್ಷಣವನ್ನು ಮಾತ್ರ ಉಪೇಕ್ಷಿಸಕೂಡದು. ಸ್ವಿಚ್ಚು ಆರಿಸಿದ ಮೇಲೂ ಬಲ್ಬು ಮಂದವಾಗಿ ಬೆಳಗುತ್ತಿದ್ದರೆ, ಸ್ವಿಚ್ಚಿನೊಳಗಿನ ಪುಟ್ಟ ಸೂಚಕ ದೀಪವೋ ಉದ್ದನೆಯ ತಂತಿಗಳಲ್ಲಿ ಸೋರುವ ಅತ್ಯಲ್ಪ ವಿದ್ಯುತ್ತೋ ಕಾರಣವಿರಬಹುದು. ಆದರೆ ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೂ ಹೀಗಾಗುತ್ತದೆ. ಆಗ ಸ್ವಿಚ್ಚು ಆರಿದ್ದರೂ ಹೋಲ್ಡರಿನಲ್ಲಿ 230 ವೋಲ್ಟಿನ ಫೇಸ್ ಉಳಿದಿರುತ್ತದೆ. ಬಲ್ಬು ಬಿಚ್ಚುವವರ ಬೆರಳು ತಗುಲಿದರೆ ಪ್ರಾಣಕ್ಕೇ ಅಪಾಯ. ಇದನ್ನು ಫೋನಿನ ಯಾವ ಹೊಂದಾಣಿಕೆಯೂ ಸರಿಪಡಿಸಲಾರದು. ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿ, ಫೇಸ್ ತಂತಿಯು ಸ್ವಿಚ್ಚಿನ ಮೂಲಕವೇ ಹಾಯುವಂತೆ ಮಾಡಿಸತಕ್ಕದ್ದು. ಅಲ್ಲಿಯವರೆಗೆ ಮನೆಯ ಮೇನ್ ಸ್ವಿಚ್ಚನ್ನು ಆರಿಸದೆ ಆ ಬಲ್ಬನ್ನು ಮುಟ್ಟಬಾರದು; ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆರಿಸತಕ್ಕದ್ದು.