ಸ್ಟೆಂಟ್ ಹಾಕಿಸಿಕೊಂಡವರ ಗುಳಿಗೆಗಳು

ಹೃದಯದ ರಕ್ತನಾಳದಲ್ಲಿ ಕೂರಿಸುವ ಸ್ಟೆಂಟ್ ಲೋಹದ ಸಣ್ಣ ಜಾಲರಿ. ನಾಳದ ಒಳಪದರ ಬೆಳೆದು ಅದನ್ನು ಮುಚ್ಚುವವರೆಗೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ರಕ್ತ ಹೆಪ್ಪುಗಟ್ಟುವ ಭಯವಿರುತ್ತದೆ. ಅದಕ್ಕೇ ಎರಡು ಗುಳಿಗೆ: ಆಸ್ಪಿರಿನ್, ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲೋರ್. ಹೃದಯಾಘಾತವಾದವರಿಗೆ ಈ ಜೋಡಿ ಸಾಮಾನ್ಯವಾಗಿ 12 ತಿಂಗಳು, ಆಗದವರಿಗೆ ಸುಮಾರು 6 ತಿಂಗಳು; ರಕ್ತಸ್ರಾವದ ಅಪಾಯ ಹೆಚ್ಚಿದ್ದರೆ ಇನ್ನೂ ಕಡಿಮೆ. ಆಮೇಲೆ ಬಹುತೇಕರಿಗೆ ಒಂದೇ ಗುಳಿಗೆ, ಜೀವನಪರ್ಯಂತ.

ಬಸವಕಲ್ಯಾಣ, ಹುಮನಾಬಾದ್ ಕಡೆಯವರು ಸ್ಟೆಂಟಿಗೆ ಕಲಬುರಗಿಗೋ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವುದುಂಟು. ಹಾಕಿದ ವೈದ್ಯರು ದೂರ, ಔಷಧ ಅಂಗಡಿ ಹತ್ತಿರ; ತೊಡಕು ಹುಟ್ಟುವುದು ಇಲ್ಲಿಯೇ. ಎದೆನೋವು ನಿಂತಿತೆಂದು, ಗುಳಿಗೆ ತೀರಿತೆಂದು ಬಿಡುವುದು ಅಪಾಯಕಾರಿ, ಮೊದಲ ತಿಂಗಳುಗಳಲ್ಲಂತೂ ಬಹಳ. ಹಲ್ಲು ಕೀಳಿಸುವ ಮುನ್ನ ಸ್ಟೆಂಟಿನ ವಿಷಯ ಹೇಳಬೇಕು. ಸಾಮಾನ್ಯವಾಗಿ ಗುಳಿಗೆ ನಿಲ್ಲಿಸದೆಯೇ ಹಲ್ಲು ತೆಗೆಯಬಹುದು. ದೊಡ್ಡ ಶಸ್ತ್ರಚಿಕಿತ್ಸೆಯಿದ್ದರೆ ಹೃದ್ರೋಗ ತಜ್ಞರಿಗೆ ಫೋನ್ ಮಾಡಿಯಾದರೂ ಕೇಳಬೇಕು. ಮೊಣಕಾಲು ನೋವಿಗೆ ಅಂಗಡಿಯಲ್ಲಿ ತಾವೇ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಟಿಕಾಗ್ರೆಲೋರ್‌ನಿಂದ ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ವೈದ್ಯರು ಗುಳಿಗೆ ಬದಲಿಸಿಕೊಡಬಲ್ಲರು. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತವಾಂತಿಯಾದರೆ, ತಲೆಗೆ ಪೆಟ್ಟು ಬಿದ್ದರೆ, ಎದೆನೋವು ಮರಳಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.